ಹನಿಮದ್ದಿನ ಎರಡು ಮುಖ

ಕೆಂಪೇರಿ ತುರಿಸುವ ಕಣ್ಣಿಗೆ ಸ್ಟೀರಾಯ್ಡ್ ಹನಿ ಬಿದ್ದರೆ ಉರಿ ಅಡಗುತ್ತದೆ. ಇದೇ ವರ್ಗದ ಕಾರ್ಟಿಸೋನಿನ ಕುರಿತ ಸಂಶೋಧನೆಗಾಗಿ 1950ರಲ್ಲಿ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಎಂಬ ಮೂವರು ನೊಬೆಲ್ ಪಾರಿತೋಷಕ ಪಡೆದರು. ಆದರೆ ಇಷ್ಟು ಉಪಕಾರಿಯಾದ ಮದ್ದಿಗೆ ಇನ್ನೊಂದು ಮುಖವೂ ಉಂಟು.

ಕಣ್ಣಿನೊಳಗೆ ಸದಾ ಉತ್ಪನ್ನವಾಗುವ ತಿಳಿದ್ರವವು ಸೂಕ್ಷ್ಮವಾದೊಂದು ಜಾಲರಿಯ ಮೂಲಕ ಹೊರಗೆ ಹರಿಯುತ್ತದೆ. ಸ್ಟೀರಾಯ್ಡ್ ಈ ಜಾಲರಿಯ ಜೀವಕೋಶಗಳನ್ನು ಹೊಕ್ಕು, ಅಲ್ಲಿರುವ ಗ್ರಾಹಕವೆಂಬ ಪ್ರೋಟೀನನ್ನು ಕೂಡಿಕೊಂಡು, ಕೋಶಕೇಂದ್ರವನ್ನು ಸೇರುತ್ತದೆ. ಕೆಲವು ಜೀನುಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಅಡಗಿಸುತ್ತದೆ. ಉರಿಯೂತ ಶಮನವಾಗುವುದೂ ಇಂಥ ಕ್ರಿಯೆಯಿಂದಲೇ. ಜಾಲರಿಯಲ್ಲಾದರೋ ಕೋಶಗಳ ಸುತ್ತ ನಾರಿನಂಥ ಪದಾರ್ಥ ಶೇಖರವಾಗಿ ದ್ರವದ ದಾರಿ ಕಟ್ಟುತ್ತದೆ. ಕಣ್ಣಿನ ಒತ್ತಡ ಏರುತ್ತದೆ. ಹೀಗೆ ಚುರುಕುಗೊಳ್ಳುವ ಜೀನುಗಳಲ್ಲಿ ಮಯೋಸಿಲಿನ್ ಒಂದು. ಹುಟ್ಟಿನಿಂದಲೇ ಈ ಜೀನಿನಲ್ಲಿ ದೋಷವಿದ್ದರೆ ಎಳೆಯ ವಯಸ್ಸಿನಲ್ಲಿಯೇ ಗ್ಲಾಕೋಮಾ ಬರಬಹುದೆಂಬುದು 1997ರಲ್ಲಿ ತಿಳಿದುಬಂತು.

ವಾರಗಟ್ಟಲೆ ಹನಿ ಹಾಕಿಕೊಂಡರೆ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಹೆಚ್ಚುತ್ತದೆ. ಸಾಮಾನ್ಯವಾಗಿ ನೋವಿಲ್ಲದ್ದರಿಂದ ಅದು ಗಮನಕ್ಕೆ ಬಾರದು. ಸಕಾಲದಲ್ಲಿ ಮದ್ದು ನಿಲ್ಲಿಸಿದರೆ ಒತ್ತಡ ಬಹುಮಟ್ಟಿಗೆ ಇಳಿಯುತ್ತದೆ. ದೃಷ್ಟಿನರ ಸೊರಗಿದ ಮೇಲೆ ಹೋದ ದೃಷ್ಟಿ ಮಾತ್ರ ಮರಳದು.

ಆದುದರಿಂದ ಹಳೆಯ ಚೀಟಿ ತೋರಿಸಿ, ಮಗುವಿನ ಕಣ್ಣಿಗೆಂದು ಸೀಸೆಯ ಮೇಲೆ ಸೀಸೆ ಕೊಂಡು ತರುವುದು ಸಲ್ಲದು. ಸೀಸೆಯ ಮೇಲೆ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮೊದಲಾದ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದೇ ತಿಳಿಯಬೇಕು. ವೈದ್ಯರು ಬರೆದಷ್ಟೇ ದಿನ ಅದನ್ನು ಹಾಕಿ, ನಡುನಡುವೆ ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಂಡರೆ, ಮದ್ದು ಮದ್ದಾಗಿಯೇ ಉಳಿಯುತ್ತದೆ.