ಓಣಿಯೂ ಓಟದ ಗಾಡಿಯೂ

ಮನುಷ್ಯನು ವೇಗವನ್ನು ಸಂಪಾದಿಸಿದಷ್ಟು ಸುಲಭವಾಗಿ ಹೊರಳುವ ಜಾಣ್ಮೆಯನ್ನು ಸಂಪಾದಿಸಲಿಲ್ಲ. ಹೆದ್ದಾರಿಯಲ್ಲಿ ಬಾಣದಂತೆ ಧಾವಿಸುವ ವಾಹನವು ಹಳ್ಳಿಯ ಓಣಿಯ ಮೂಲೆಗೆ ಬಂದೊಡನೆ ದಿಕ್ಕುಗಾಣದೆ ನಿಲ್ಲುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಕಡೆಯ ತರುಣರು ದೂರದ ನಗರಗಳಲ್ಲಿ ಉದ್ಯೋಗಸ್ಥರಾಗಿ, ದೀಪಾವಳಿಗೋ ಲಗ್ನಕಾರ್ಯಕ್ಕೋ ಊರಿಗೆ ಬರುವಾಗ, ತಗ್ಗಾದ, ಅಗಲವಾದ, ನೀಳಮೂತಿಯ ಸ್ಪೋರ್ಟ್ಸ್ ಕಾರನ್ನು ತರುವ ಪ್ರಸಂಗವು ಇಂದು ಅಸಂಭವವಲ್ಲ. ತಾಯಿಯು ಹೊಸ ಗಾಡಿಗೆ ಆರತಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಗಾಡಿಯು ಅಗಸಿಯ ಬಳಿಯಲ್ಲಿ ಹಿಂದೆ ಮುಂದೆ ಆಡುತ್ತಿರುತ್ತದೆ!

ಇದು ಕೇವಲ ನಗೆಯ ವಿಷಯವಲ್ಲ. ಮಕ್ಕಳು ಗೋಲಿಯಾಡುವ, ವೃದ್ಧರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತುಕೊಳ್ಳುವ ಸ್ಥಳದಲ್ಲಿ ಗಾಡಿಯು ಹೇಗೆ ಹೊರಳುತ್ತದೆ ಎಂಬುದನ್ನು, ಗಾಡಿ ನಡೆಸುವವನಷ್ಟೇ ಅಲ್ಲ, ಮನೆಯ ಯಜಮಾನನೂ ಗೃಹಿಣಿಯೂ ಅರಿತಿರುವುದು ಯೋಗ್ಯವಾದುದು.

ನಮ್ಮ ಓಣಿಗಳನ್ನು ಅಳೆದವರು ಎಂಜಿನಿಯರರಲ್ಲ, ಚಕ್ಕಡಿಗಳು. ಚಕ್ಕಡಿಗೆ ಒಂದೇ ಅಚ್ಚು, ಎರಡೇ ಗಾಲಿ; ಆ ಗಾಲಿಗಳಾದರೂ ಒಂದರ ಹಂಗಿಲ್ಲದೆ ಇನ್ನೊಂದು ತಿರುಗತಕ್ಕವು. ಎಡದ ಎತ್ತನ್ನು ತಡೆದು ಬಲದ ಎತ್ತನ್ನು ನಡೆಯಿಸಿದರೆ, ಒಳಗಿನ ಗಾಲಿಯು ಬಹುಮಟ್ಟಿಗೆ ನಿಂತಲ್ಲಿಯೇ ನಿಂತು, ಹೊರಗಿನ ಗಾಲಿಯು ಅದರ ಸುತ್ತ ವರ್ತುಳವನ್ನು ಬರೆಯುತ್ತದೆ. ಆದುದರಿಂದ ಕಾಳಿನ ಚೀಲಗಳನ್ನು ಹೇರಿಕೊಂಡ ಚಕ್ಕಡಿಗೂ ಮನೆಯ ಮುಂದಿನ ಅಂಗಳವೇ ಸಾಕಾಗುತ್ತಿತ್ತು.

ಇನ್ನು ತೇರಿನ ವಿಚಾರ. ದೊಡ್ಡ ಕಲ್ಲಿನ ಅಥವಾ ಮರದ ಗಾಲಿಗಳುಳ್ಳ ರಥಕ್ಕೆ ಹೊರಳುವ ಅಚ್ಚೇ ಇರುವುದಿಲ್ಲ. ಗಾಲಿಯ ಅಡಿಯಲ್ಲಿ ಮರದ ತುಂಡುಗಳನ್ನು ಕೊಟ್ಟು ಅದನ್ನು ಅಷ್ಟಿಷ್ಟು ಓರೆ ಮಾಡಬಹುದು, ಅಷ್ಟೇ. ಇದನ್ನರಿತ ನಮ್ಮ ಹಿರಿಯರು ಅನೇಕ ಊರುಗಳಲ್ಲಿ ತೇರನ್ನು ಹೊರಳಿಸುವ ಗೋಜಿಗೇ ಹೋಗಲಿಲ್ಲ. ಪಾದಗಟ್ಟೆಯ ವರೆಗೆ ನೆಟ್ಟಗೆ ಎಳೆದೊಯ್ದು, ತರುವಾಯ ಹಗ್ಗವನ್ನು ಹಿಂದಿನ ಬದಿಗೆ ಕಟ್ಟಿ, ಬಂದ ಹಾದಿಯಲ್ಲಿಯೇ ಮರಳಿ ಎಳೆತರುವುದನ್ನು ರೂಢಿಗೆ ತಂದರು. ಹೊರಳಲಾರದ ಗಾಡಿಯನ್ನು ಹೊರಳಿಸಲು ಹೆಣಗಬಾರದು ಎಂಬ ನೀತಿಯು ಇದರಲ್ಲಿ ಅಡಗಿದೆ. ಅದನ್ನು ಮುಂದೆ ಉಪಯೋಗಿಸಿಕೊಳ್ಳೋಣ.

ನಾಲ್ಕು ಗಾಲಿಯ ಗಾಡಿಯ ಸಮಸ್ಯೆಯೇ ಬೇರೆ. ಪೂರ್ವದಲ್ಲಿ ಯುರೋಪದ ಕುದುರೆಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿಯೇ ಒಂದು ಮೊಳೆಯ ಮೇಲೆ ತಿರುಗುತ್ತಿತ್ತು. ಬಿರುಸಾಗಿ ಹೊರಳಿದರೆ ಗಾಡಿಯು ಮಗುಚುವ ಭೀತಿ. 1817ರಲ್ಲಿ ಮ್ಯೂನಿಕ್ ನಗರದ ಗಾಡಿಶಿಲ್ಪಿ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರನು ಅಚ್ಚನ್ನು ಸ್ಥಿರವಾಗಿಟ್ಟು, ಗಾಲಿಗಳೆರಡನ್ನು ಮಾತ್ರ ಬೇರೆ ಬೇರೆಯಾಗಿ ಹೊರಳಿಸುವ ಯುಕ್ತಿಯನ್ನು ಕಂಡುಹಿಡಿದನು. ಮರುವರ್ಷ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ನನು ಅದಕ್ಕೆ ಪೇಟೆಂಟು ಪಡೆದುದರಿಂದ ಅವನ ಹೆಸರೇ ಉಳಿಯಿತು. ಕಾರ್ಲ್ ಬೆಂಜನ 1886ರ ಮೋಟಾರು ಗಾಡಿಗೆ ಮೂರೇ ಗಾಲಿಗಳಿದ್ದುದು ಈ ತೊಡಕಿನ ದೆಸೆಯಿಂದಲೇ. ನಾಲ್ಕು ಗಾಲಿಗಳನ್ನು ಒಪ್ಪವಾಗಿ ಹೊರಳಿಸುವ ಸಾಧನವು 1893ರ ಹೊತ್ತಿಗೆ ಅವನ ಕೈಗೂಡಿತು. ನಮ್ಮ ಆಟೋರಿಕ್ಷಾ ಇಂದಿಗೂ ಆ ಮೂರು ಗಾಲಿಗಳ ಲಾಭವನ್ನು ಉಣ್ಣುತ್ತಿದೆ.

ಇಲ್ಲಿ ಸ್ವಲ್ಪ ಗಣಿತವು ಅವಶ್ಯ, ವಾಚಕರು ಬೇಸರಪಡಬಾರದು. ಮುಂಗಾಲಿ ಹಿಂಗಾಲಿಗಳ ನಡುವಣ ಅಂತರವನ್ನು, ಮುಂಗಾಲಿಯು ಹೊರಳುವ ಕೋನದ ಜ್ಯಾದಿಂದ ಭಾಗಿಸಿದರೆ ಆ ಗಾಲಿಯು ಬರೆಯುವ ವರ್ತುಳದ ತ್ರಿಜ್ಯವು ದೊರೆಯುತ್ತದೆ. ಅಂತರವು 2.4 ಮೀಟರ್, ಕೋನವು ಸರಾಸರಿ 30 ಅಂಶ ಎಂದು ತಿಳಿಯಿರಿ. ಆಗ ವರ್ತುಳದ ವ್ಯಾಸವು 9.6 ಮೀಟರ್. ಅವೇ ಗಾಲಿಗಳು 25 ಅಂಶಕ್ಕೇ ತಡೆದು ನಿಂತರೆ ವ್ಯಾಸವು 11.3 ಮೀಟರನ್ನು ಮೀರುತ್ತದೆ. ಐದೇ ಅಂಶಗಳ ಕೊರತೆಗೆ ಸುಮಾರು ಒಂದು ಮುಕ್ಕಾಲು ಮೀಟರಿನ ದಂಡ!

ಸ್ಪೋರ್ಟ್ಸ್ ಕಾರಿಗೆ ಈ ದಂಡವು ಏಕೆ ಬರುತ್ತದೆ? ವೇಗದಲ್ಲಿ ನೆಲವನ್ನು ಬಿಗಿಹಿಡಿಯಲೆಂದು ಅದಕ್ಕೆ ಅಗಲವಾದ ಟಾಯರುಗಳನ್ನು ತೊಡಿಸಿರುತ್ತಾರೆ. ಅವು ಹೆಚ್ಚು ಹೊರಳಿದರೆ ಒಳಗಿನ ತಗಡಿಗೂ ಸಲಾಕೆಗಳಿಗೂ ತಾಗುವವು. ಆದ್ದರಿಂದ ಹೊರಳನ್ನು ಮೊದಲೇ ಮಿತಿಗೊಳಿಸಿರುತ್ತಾರೆ. ಅನೇಕ ಗಾಡಿಗಳಲ್ಲಿ ಗಾಲಿಗಳ ಜೋಡಣೆಯೂ ವೇಗಕ್ಕೆ ತಕ್ಕುದಾಗಿರುವುದರಿಂದ, ಮೆಲ್ಲಗೆ ಪೂರ್ತಿ ಹೊರಳಿಸಿದಾಗ ಟಾಯರು ಉಜ್ಜಿಕೊಂಡು ಕುಪ್ಪಳಿಸಿದಂತಾಗುತ್ತದೆ. 1983ರಲ್ಲಿ ಬಂದ ಚಿಕ್ಕ ಮಾರುತಿ 800 ಗಾಡಿಯ ಹೊರಳುವ ತ್ರಿಜ್ಯವು 4.4 ಮೀಟರ್ ಮಾತ್ರ. ಹತ್ತು ಪಟ್ಟು ಬೆಲೆಯ ಗಾಡಿಯು ತಡವರಿಸುವ ಮೂಲೆಯಲ್ಲಿ ಆ ಬಡಗಾಡಿಯು ಸರಾಗವಾಗಿ ತಿರುಗಿದರೆ ಆಶ್ಚರ್ಯವೇನು?

ಬೆಲೆಪಟ್ಟಿಯಲ್ಲಿ ಬರೆದ ಅಂಕೆಯನ್ನು ಓದುವಾಗಲೂ ಎಚ್ಚರ ಬೇಕು. ಅದು ತ್ರಿಜ್ಯವೋ ವ್ಯಾಸವೋ ಎಂಬುದನ್ನು ಮೊದಲು ನೋಡಬೇಕು. ಎರಡನೆಯದಾಗಿ, ಆ ಅಂಕೆಯು ಸಾಮಾನ್ಯವಾಗಿ ಗಾಲಿಯ ಜಾಡನ್ನು ಹೇಳುತ್ತದೆ. ಗಾಲಿಯಿಂದಾಚೆಗೆ ಚಾಚಿದ ಮೂತಿಯನ್ನಲ್ಲ. ಗೋಡೆಗೆ ತಾಗುವುದು ಮೂತಿಯೇ.

ಈಗ ಅತ್ಯಂತ ಮುಖ್ಯವಾದ ಮಾತು. ಹೊರಳುವಾಗ ಹಿಂಗಾಲಿಯು ಮುಂಗಾಲಿಯ ಜಾಡಿನಲ್ಲಿ ನಡೆಯುವುದಿಲ್ಲ. ಒಳಬದಿಗೆ ಸರಿದು ನಡೆಯುತ್ತದೆ. ಮೇಲಿನ 30 ಅಂಶದ ಉದಾಹರಣೆಯಲ್ಲಿ ಈ ಸರಿತವು ಸುಮಾರು 64 ಸೆಂಟಿಮೀಟರ್, ಅಂದರೆ ಎರಡು ಅಡಿಗಿಂತ ಹೆಚ್ಚು. ಮೂತಿಯು ಕಟ್ಟೆಯನ್ನು ದಾಟಿತೆಂದು ನಡೆಸುವವನು ನಿಶ್ಚಿಂತನಾಗಿರುವಾಗಲೇ ಹಿಂಗಾಲಿಯು ಮೂಲೆಯಲ್ಲಿ ನಿಂತವರ ಪಾದದ ಕಡೆಗೆ ಬರುತ್ತಿರುತ್ತದೆ. ಹಿಂದಕ್ಕೆ ಸರಿಯುವಾಗ ಇದಕ್ಕೆ ವಿಪರೀತ: ಮೂತಿಯು ಹೊರಬದಿಗೆ ಬೀಸುತ್ತದೆ. ಟ್ರ್ಯಾಕ್ಟರಿಗೆ ಉದ್ದನೆಯ ಟ್ರೇಲರು ಕಟ್ಟಿದಾಗ ಒಳಸರಿತವು ಇನ್ನೂ ಹೆಚ್ಚು. ಆದಕಾರಣ ಹೊರಳುವ ಗಾಡಿಯ ಒಳಮೂಲೆಯಲ್ಲಿ ಯಾರೂ ನಿಲ್ಲಬಾರದೆಂಬುದನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸತಕ್ಕದ್ದು.

ಟ್ರ್ಯಾಕ್ಟರಿನ ಮಾತು ಬಂದುದರಿಂದ ಇನ್ನೊಂದು ಸೂಚನೆ. ಅದರ ಎಡ ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕುಗಳಿವೆ. ಹೊಲದ ಬದುವಿನಲ್ಲಿ ಒಂದನ್ನೇ ತುಳಿದರೆ, ಎತ್ತನ್ನು ತಡೆದಂತೆ ಆ ಗಾಲಿಯು ತಡೆದು, ಟ್ರ್ಯಾಕ್ಟರು ಬಿಗುವಾಗಿ ಹೊರಳುತ್ತದೆ. ಚಕ್ಕಡಿಯ ವಿದ್ಯೆಯೇ ಇದು! ಆದರೆ ರಸ್ತೆಗೆ ಬಂದ ಕೂಡಲೆ ಎರಡು ತುಳಿಗಳನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ವೇಗದಲ್ಲಿ ಒಂದೇ ಗಾಲಿ ಹಿಡಿದು ಗಾಡಿಯು ಮಗುಚುವ ಅಪಾಯವಿದೆ.

ಹಾಗಾದರೆ ಸ್ಪೋರ್ಟ್ಸ್ ಕಾರಿನ ಒಡೆಯನು ಊರಲ್ಲಿ ಏನು ಮಾಡಬೇಕು?

ಮೊದಲನೆಯದಾಗಿ, ತೇರಿನ ನೀತಿಯನ್ನು ಅನುಸರಿಸಬೇಕು. ವಿಶಾಲವಾದ ಬೀದಿಯಲ್ಲಿಯೇ ಗಾಡಿಯನ್ನು ತಿರುಗಿಸಿಕೊಂಡು, ಓಣಿಯೊಳಕ್ಕೆ ಹಿಮ್ಮುಖವಾಗಿ ಹೋಗಬೇಕು. ಹೊರಳದಿರುವ ಅಚ್ಚು ಮುಂದಾಗಿ ಹೋಗುವುದರಿಂದ ಇಕ್ಕಟ್ಟಿನಲ್ಲಿ ಸೇರಿಸುವುದು ಸುಲಭ. ಹೊರಡುವಾಗ ಎದುರಿನ ಹಾದಿಯು ಕಣ್ಣಿಗೆ ಕಾಣುತ್ತದೆ.

ಎರಡನೆಯದಾಗಿ, ಹಿಂದೆ ಸರಿಯುವಾಗ ದೊಡ್ಡವರೊಬ್ಬರು ಕೆಳಗಿಳಿದು, ನಡೆಸುವವನ ಕಣ್ಣಿಗೆ ಬೀಳುವಂತೆ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಬೇಕು. ಗಾಡಿಗೂ ಗೋಡೆಗೂ ನಡುವೆ ಎಂದಿಗೂ ನಿಲ್ಲಬಾರದು. ಮನೆಯ ಮಕ್ಕಳನ್ನು ಎಣಿಸಿ ಒಳಗೆ ಕಳಿಸಿದ ಹೊರತು ಗಾಡಿಯು ಅಲುಗಕೂಡದು.

ಮೂರನೆಯದಾಗಿ, ಒಂದೇ ಬಾರಿಗೆ ಹೊರಳದಿದ್ದರೆ ಮೂರು ಮಜಲಿನಲ್ಲಿ ಹೊರಳಿಸಬೇಕು. ನಿಂತ ಗಾಡಿಯ ಚಕ್ರವನ್ನು ಬಲದಿಂದ ತಿರುವದೆ, ಗಾಡಿಯು ಆಮೆಯಂತೆ ಸರಿಯುತ್ತಿರುವಾಗ ತಿರುಗಿಸಿದರೆ ಟಾಯರುಗಳು ಸವೆಯುವುದಿಲ್ಲ.

ನಾಲ್ಕನೆಯದಾಗಿ, ಹೊರಳಲೆಂದು ರಸ್ತೆಯ ಅಂಚಿಗೆ ಇಳಿಯುವ ಮುನ್ನ ನೆಲವನ್ನು ನೋಡಬೇಕು. ನವಲಗುಂದ ಅಣ್ಣಿಗೇರಿಗಳ ಎರೆ ಮಣ್ಣು ಮಳೆಯಲ್ಲಿ ಅಂಟಾಗಿ ಗಾಲಿಯನ್ನು ನುಂಗುತ್ತದೆ; ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನೆಲಕ್ಕೆ ಹತ್ತಿದಂತಿರುವ ಗಾಡಿಯ ಹೊಟ್ಟೆಗೆ ಎರಡೂ ಕೇಡು. ಕಲಘಟಗಿಯ ಕಡೆಗೆ ಏರಿಳಿವಿನ ತಿರುವುಗಳಲ್ಲಿ ಹಿಂದುಮುಂದಾಡಿ ಹೊರಳಿಸುವುದಂತೂ ಸಲ್ಲದು. ಒಂದು ಮೈಲು ಮುಂದೆ ಹೋಗಿ ಬಯಲು ಸಿಕ್ಕಲ್ಲಿ ತಿರುಗುವುದೇ ಲೇಸು.

ಯಂತ್ರಶಿಲ್ಪಿಗಳೂ ಸುಮ್ಮನೆ ಕುಳಿತಿಲ್ಲ. 1987ರಲ್ಲಿ ಜಪಾನಿನ ಹೋಂಡಾ ಪ್ರೆಲ್ಯೂಡ್ ಗಾಡಿಯಲ್ಲಿ ಹಿಂಗಾಲಿಗಳೂ ಹೊರಳುವ ವ್ಯವಸ್ಥೆಯು ಬಂದಿತು. ಮೆಲ್ಲಗೆ ನಡೆಯುವಾಗ ಹಿಂಗಾಲಿಗಳು ಮುಂಗಾಲಿಗಳಿಗೆ ಎದುರಾಗಿ ಹೊರಳಿದರೆ ವರ್ತುಳವು ಕಿರಿದಾಗುತ್ತದೆ. ಇಂದು ಬೆಲೆಬಾಳುವ ಹಲವು ಗಾಡಿಗಳಲ್ಲಿ ಈ ಅನುಕೂಲವುಂಟು. ಲಂಡನ್ನಿನ ಕಪ್ಪು ಬಾಡಿಗೆ ಕಾರುಗಳು ಸುಮಾರು ಎಂಟೂವರೆ ಮೀಟರಿನ ಗೋಡೆಗಳ ನಡುವೆ ಹಿಂದೆ ಸರಿಯದೆ ತಿರುಗಬೇಕೆಂಬ ನಿಯಮವಿರುವುದನ್ನು ನೋಡಿದರೆ, ಊರಿಗೆ ತಕ್ಕಂತೆ ಗಾಡಿಯನ್ನು ಮಾಡಲು ಅಸಾಧ್ಯವೇನಿಲ್ಲ.

ಆದರೆ ಗಾಡಿಗೆ ತಕ್ಕಂತೆ ಊರನ್ನು ಕಡಿಯುವ ಹಟವು ಸರಿಯಲ್ಲ. ನೆರೆಮನೆಯವನ ಕಟ್ಟೆಯನ್ನು ಒಡೆಯಿಸಿ, ಬೇವಿನ ಮರವನ್ನು ಕಡಿಯಿಸಿ ಮಾಡಿಕೊಂಡ ದಾರಿಯಲ್ಲಿ ಗಾಡಿಯೇನೋ ಒಳಗೆ ಬಂದೀತು. ಸ್ನೇಹವು ಹೊರಗೆ ಹೋದೀತು. ಅಗಸಿಯ ಹೊರಗೆ, ಯಾರಿಗೂ ಅಡ್ಡವಾಗದಲ್ಲಿ ಗಾಡಿಯನ್ನು ನಿಲ್ಲಿಸಿ ನೂರು ಹೆಜ್ಜೆ ನಡೆದು ಬಂದರೆ ಯಾವ ತರುಣನ ಗೌರವವೂ ಕುಂದದು. ದಾರಿಯಲ್ಲಿ ಕಟ್ಟೆಯ ಮೇಲಿನ ಹಿರಿಯರು “ಯಾವಾಗ ಬಂದಿ ತಮ್ಮಾ?” ಎಂದು ಕೇಳುವುದು ಕಾಲ್ನಡೆಯವನನ್ನೇ ಹೊರತು ಕಾಜು ಏರಿಸಿಕೊಂಡು ಹೋಗುವವನನ್ನಲ್ಲ.