ಮುಖದ ಬಣ್ಣ, ದೀಪದ ಬಣ್ಣ

ಕಳೆದ ದೀಪಾವಳಿಯ ಸಂಜೆ ನಮ್ಮ ಅಜ್ಜಿಯ ಭಾವಚಿತ್ರವೊಂದನ್ನು ತೆಗೆದೆನು. ಅವರ ಎಡಕ್ಕೆ ಕಿಟಕಿಯಿಂದ ಬರುತ್ತಿದ್ದ ಮುಸ್ಸಂಜೆಯ ಬೆಳಕು. ಬಲಕ್ಕೆ ಹಳೆಯ ತಂತಿಯ ಬಲ್ಬು. ಚಿತ್ರವನ್ನು ನೋಡಿದ ಅಜ್ಜಿ, "ಇದೇನು ಮಗು, ನನಗೆ ಅರ್ಧ ಮುಖಕ್ಕೆ ಮಾತ್ರ ಕಾಮಾಲೆಯೆ?" ಎಂದರು. ಎದುರಿಗೇ ನಿಂತಿದ್ದ ನನಗೆ ಅಷ್ಟಾಗಿ ತೋರದ ಹಳದಿ ಕ್ಯಾಮೆರಾಕ್ಕೆ ಹೇಗೆ ಕಂಡಿತು?

ಬಿಳಿಯ ಪಂಚೆ ನಮಗೆ ಹಗಲಿನಲ್ಲಿಯೂ ಬಿಳುಪೇ, ದೀಪದ ಬೆಳಕಿನಲ್ಲಿಯೂ ಬಿಳುಪೇ. ಆದರೆ ಅದರಿಂದ ಹೊರಟು ಕಣ್ಣನ್ನು ಸೇರುವ ಕಿರಣಗಳು ಎರಡು ಸಂದರ್ಭಗಳಲ್ಲಿಯೂ ಒಂದೇ ಅಲ್ಲ. ದೀಪದ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಕಣ್ಣಿನ ಮೂರು ಬಗೆಯ ವರ್ಣಗ್ರಾಹಕಗಳು ಇದಕ್ಕೆ ತಕ್ಕಂತೆ ಪ್ರತ್ಯೇಕವಾಗಿ ತಮ್ಮ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುತ್ತವೆಂದು ಜರ್ಮನಿಯ ಶರೀರಶಾಸ್ತ್ರಜ್ಞ ಯೋಹಾನೆಸ್ ಫಾನ್ ಕ್ರೀಸ್ 1902ರಲ್ಲಿ ಪ್ರತಿಪಾದಿಸಿದನು. ಕ್ಯಾಮೆರಾಕ್ಕೆ ಈ ಹೊಂದಾಣಿಕೆಯನ್ನು ನಾವು ಕಲಿಸಬೇಕು.

ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಾಗಿ, ಬಳಿಕ ಹಳದಿಯಾಗಿ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಆದುದರಿಂದ ಬೆಳಕಿನ ಬಣ್ಣವನ್ನು ಉಷ್ಣತೆಯ ಮಾನದಲ್ಲಿಯೇ ಹೇಳುವ ರೂಢಿಯುಂಟು. ತಂತಿಯ ಬಲ್ಬಿಗೆ ಸುಮಾರು 2,700 ಕೆಲ್ವಿನ್, ನಡುಹಗಲಿನ ಬಿಸಿಲಿಗೆ ಸುಮಾರು 5,500. ನೀಲಾಕಾಶದ ಕೆಳಗಿನ ನೆರಳಿಗೆ 7,000ಕ್ಕೂ ಮೇಲೆ. ಚಿತ್ರಕಾರರು ಕೆಂಪನ್ನು ಬಿಸಿ ಬಣ್ಣವೆಂದೂ ನೀಲಿಯನ್ನು ತಂಪು ಬಣ್ಣವೆಂದೂ ಕರೆಯುವುದು ಭೌತವಿಜ್ಞಾನದ ದೃಷ್ಟಿಯಿಂದ ತಲೆಕೆಳಗಾದ ಮಾತು!

ಕ್ಯಾಮೆರಾದ ಸಂವೇದಕವು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಗಳನ್ನು ಕೊಡುತ್ತದೆ. ಬಲ್ಬಿನ ಬೆಳಕಿನಲ್ಲಿ ಬೂದು ಬಣ್ಣದ ಹಲಗೆಯೊಂದು 180, 120, 60 ಎಂಬ ಅಂಕಗಳನ್ನು ಕೊಟ್ಟಿತೆಂದು ಭಾವಿಸೋಣ. ಬೂದು ಬಣ್ಣಕ್ಕೆ ಮೂರೂ ಸಮನಾಗಿರಬೇಕಷ್ಟೆ. ಕೆಂಪನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿ, ನೀಲಿಯನ್ನು ಎರಡರಿಂದ ಗುಣಿಸಿದರೆ ಮೂರೂ 120 ಆಗುತ್ತವೆ. ಅದೇ ಬೆಳಕಿನಲ್ಲಿ 150, 50, 13 ಎಂದಿದ್ದ ಮುಖವು ಇದೇ ಗುಣಾಕಾರದಿಂದ 100, 50, 26 ಆಗಿ, ತನ್ನ ಸಹಜವಾದ ಕಂದು ಬಣ್ಣಕ್ಕೆ ಮರಳುತ್ತದೆ. ಕ್ಯಾಮೆರಾದಲ್ಲಿ 'ವೈಟ್ ಬ್ಯಾಲೆನ್ಸ್' ಎಂದು ಕಾಣುವುದು ಇಷ್ಟೇ. ಮೂಲ ಅಂಕಗಳನ್ನು ಉಳಿಸಿಡುವ 'ರಾ' ಕಡತವಿದ್ದರೆ ಈ ಲೆಕ್ಕವನ್ನು ನಿಧಾನವಾಗಿ ಮನೆಯಲ್ಲಿಯೂ ಮಾಡಬಹುದು.

ಸ್ವಯಂಚಾಲಿತ ವ್ಯವಸ್ಥೆಯನ್ನೇ ನಂಬಬಾರದೇಕೆ? ದೃಶ್ಯದ ಬಣ್ಣಗಳೆಲ್ಲ ಸೇರಿ ಸರಾಸರಿಯಲ್ಲಿ ಬೂದಾಗುತ್ತವೆಂಬುದು ಅದರ ಹಳೆಯ ಊಹೆಗಳಲ್ಲೊಂದು. ಕೆಂಪು ರೇಷ್ಮೆ ಸೀರೆಯುಟ್ಟ ಮದುಮಗಳು ಚೌಕಟ್ಟನ್ನು ತುಂಬಿದರೆ ಬೆಳಕೇ ಕೆಂಪಾಗಿದೆಯೆಂದು ಭಾವಿಸಿ, ಅಂಥ ಕ್ಯಾಮೆರಾ ಕೆಂಪನ್ನು ಇಳಿಸುತ್ತದೆ. ಪಾಪ, ಮುಖ ಹಸಿರು ನೀಲಿಗೆ ತಿರುಗುತ್ತದೆ. ಆದುದರಿಂದ ಬೂದು ಹಲಗೆಯೇ ಮೇಲು. ಬಿಳಿಯ ಕಾಗದ ಅಷ್ಟು ನಂಬಿಕೆಗೆ ಅರ್ಹವಲ್ಲ. ಅನೇಕ ಕಾಗದಗಳಿಗೆ ಬೆರೆಸಿರುವ ಹೊಳಪಿನ ದ್ರವ್ಯವು ಅತಿನೇರಿಳೆ ಕಿರಣಗಳನ್ನು ಹೀರಿ ನೀಲಿಯಾಗಿ ಹೊರಸೂಸುತ್ತದೆ. ನೀಲಿ ಹಾಕಿ ಒಗೆದ ಪಂಚೆಯೂ ಪ್ರಮಾಣವಾಗಲಾರದು.

ಇಲ್ಲಿ 'ಬಿಳುಪು' ಎಂಬುದು ದೀಪಕ್ಕೆ ಸಂಬಂಧಿಸಿದ ಮಾತು, ಚರ್ಮಕ್ಕಲ್ಲ. ಕಪ್ಪು ಮೈಬಣ್ಣದವರ ಮುಖವನ್ನು ಬಿಳಿಚುವಂತೆ ಮಾಡಿ 'ಸರಿಪಡಿಸಿದೆ' ಎನ್ನುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಅದು ತಿದ್ದುಪಡಿಯಲ್ಲ, ಸುಳ್ಳು.

ಗುಣಾಕಾರಕ್ಕೂ ಮಿತಿಯುಂಟು. ಕೆಲವು ಅಗ್ಗದ ಎಲ್‌ಇಡಿ ದೀಪಗಳಲ್ಲಿ ಗಾಢ ಕೆಂಪು ಬಹಳ ಕಡಿಮೆ. ಬರದ ಬೆಳಕನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಚರ್ಮದ ಕಳೆ ಮರಳದು. ಅಜ್ಜಿಯ ಚಿತ್ರದ ತೊಡಕು ಬೇರೆ: ಬಲಗೆನ್ನೆಗೆ ಹೊಂದುವ ಗುಣಕವು ಎಡಗೆನ್ನೆಯನ್ನು ನೀಲಿಯಾಗಿಸುತ್ತದೆ. ಎರಡು ದೀಪಗಳಿಗೆ ಒಂದೇ ಲೆಕ್ಕ ಒಪ್ಪದು.

ಮರುದಿನ ಬೆಳಿಗ್ಗೆ ಬಲ್ಬನ್ನು ಆರಿಸಿ, ಅವರನ್ನು ಕಿಟಕಿಯ ಬಳಿ ಕುಳ್ಳಿರಿಸಿ, ಕೈಗೆ ಬೂದು ಹಲಗೆಯನ್ನು ಕೊಟ್ಟೆನು. "ಕೈದಿಯ ಹಾಗೆ ಹಲಗೆ ಹಿಡಿದು ಕೂರಬೇಕೆ?" ಎಂದು ನಕ್ಕರು. ಹಲಗೆಯೊಡನೆ ಒಂದು ಚಿತ್ರ. ಅದೇ ಹೊಂದಿಕೆಯಲ್ಲಿ, ಹಲಗೆಯಿಲ್ಲದೆ, ಇನ್ನೊಂದು. ಎರಡನೆಯದು ಈಗ ನಡುಮನೆಯ ಗೋಡೆಯ ಮೇಲಿದೆ.