ಶುಶ್ರೂಷೆಯ ಕೈಗಳು ಮತ್ತು ಕಾನೂನು

ಮಾವಿನಕುರ್ವೆಯಂಥ ಕರಾವಳಿಯ ಊರುಗಳಲ್ಲಿ ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳುವವರು ಯಾರೆಂದು ಕೇಳಿದರೆ ಉತ್ತರ ತಡವಾಗುವುದಿಲ್ಲ. ಗಂಡುಮಕ್ಕಳು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯ ನಾಡುಗಳಲ್ಲೋ ದುಡಿಯುತ್ತಾರೆ. ಹಾಸಿಗೆ ಹಿಡಿದ ಮಾವನಿಗೆ ಗಂಜಿ ಕುಡಿಸುವವಳು ಹೆಚ್ಚಾಗಿ ಮನೆಯಲ್ಲುಳಿದ ಸೊಸೆ. ಅವಳ ವಿಷಯದಲ್ಲಿ ನಮ್ಮ ಕಾನೂನು ಏನೆನ್ನುತ್ತದೆ ಎಂಬುದಷ್ಟೇ ನನ್ನ ಇಂದಿನ ಪ್ರಶ್ನೆ.

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಒಂದು ಅಧಿನಿಯಮವಾಯಿತು. ನಿರ್ಲಕ್ಷ್ಯಕ್ಕೊಳಗಾದ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ಒಳ್ಳೆಯದೇ. ಆದರೆ ಅದರಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಕ್ಕಳು, ಸೊಸೆಯ ಹೆಸರಿಲ್ಲ. 2019ರಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿ ಮಸೂದೆ ಅಳಿಯ ಸೊಸೆಯರನ್ನೂ ಸೇರಿಸಹೊರಟಿತ್ತು, ಹೊಣೆ ಹೊರಿಸುವುದಕ್ಕೆ. 2024ರಲ್ಲಿ ಆ ಲೋಕಸಭೆಯೊಡನೆ ಅದೂ ಬಿದ್ದುಹೋಯಿತು.

ಸರ್ಕಾರದ ನೆರವೋ? ಕೇರಳವು ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರ ಶುಶ್ರೂಷಕರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಕರ್ನಾಟಕ 2024ರ ಮುಂಗಡಪತ್ರದಲ್ಲಿ ಪಾರ್ಕಿನ್ಸನ್ ಮೊದಲಾದ ಕೆಲವು ವ್ಯಾಧಿಗಳವರನ್ನು ನೋಡಿಕೊಳ್ಳುವವರಿಗೆ 1,000 ರೂಪಾಯಿ ಘೋಷಿಸಿತು. ಬರಿಯ ಮುಪ್ಪು ಆ ಪಟ್ಟಿಯಲ್ಲಿಲ್ಲ.

ಆದ್ದರಿಂದ ಮನೆಯವರೇ ಕಾಗದ ಪತ್ರಗಳನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಲೇಸು. ಇಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದುಂಟು. ‘ಮುಖತ್ಯಾರ ಪತ್ರವಿದೆಯಲ್ಲ’ ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಅದನ್ನು ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ, 1872ರ ಕರಾರು ಅಧಿನಿಯಮದ 201ನೆಯ ಕಲಮಿನಂತೆ, ಮುಖತ್ಯಾರಿಕೆಯೂ ಮುಗಿಯುತ್ತದೆ. ಅಂದರೆ ಮರೆವಿನ ರೋಗ ಬಲಿತು ಪತ್ರ ನಿಜವಾಗಿ ಬೇಕಾದಾಗಲೇ ಅದು ಕೈಕೊಡುತ್ತದೆ! ಇಂಗ್ಲೆಂಡು 1985ರಲ್ಲೇ ಆಮೇಲೂ ಬಾಳುವ ಮುಖತ್ಯಾರಿಕೆಗೆ ಅವಕಾಶ ಮಾಡಿತು. ನಮ್ಮಲ್ಲಿ ಪಾಲಕರ ನೇಮಕಕ್ಕಾಗಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಅಧಿನಿಯಮದಂತೆ ಸಾದಾ ಕಾಗದದ ಮೇಲೆ ಪ್ರತಿನಿಧಿಯೊಬ್ಬರನ್ನು ಹೆಸರಿಸಬಹುದು. ಅದು ಚಿಕಿತ್ಸೆಯ ಮಟ್ಟಿಗೆ ಮಾತ್ರ, ಬ್ಯಾಂಕಿಗಲ್ಲ.

ಆಸ್ತಿಯನ್ನು ದಾನವಾಗಿ ಬರೆದುಕೊಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನೂ ಬರೆಯಿಸಬೇಕು. ಆ ಷರತ್ತು ಇತ್ತೆಂದು ಸ್ಥಾಪಿತವಾಗದೆ 23ನೆಯ ಕಲಮಿನಡಿ ದಾನ ರದ್ದಾಗದೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಹೇಳಿತು. ‘ಪ್ರೀತಿ ವಿಶ್ವಾಸಗಳಿಂದ’ ಎಂಬ ರೂಢಿಯ ಒಕ್ಕಣೆಯಷ್ಟೇ ಸಾಲದು.

ಇನ್ನು ಆ ಸೊಸೆ. ಮಾವನು ಉಯಿಲಿಲ್ಲದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರದಂತೆ, ಬದುಕಿರುವ ಮಗನ ಹೆಂಡತಿಗೆ ಪಾಲಿಲ್ಲ. ಹತ್ತು ವರ್ಷ ಮೈ ತೊಳೆದವಳಿಗೆ ತನ್ನ ಸ್ವಯಾರ್ಜಿತದಲ್ಲಿ ನಾಲ್ಕು ತೆಂಗಿನಮರವಾದರೂ ಸಲ್ಲಲೆಂದು ಮಾವ ಬಯಸಿದರೆ ಉಯಿಲು ಬರೆಯಬೇಕು. ಅದಕ್ಕೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಸಹಿ ಬೇಕು, ಇಬ್ಬರು ಸಾಕ್ಷಿಗಳು ಬೇಕು, ಬರೆಯುವ ಹೊತ್ತಿಗೆ ಬುದ್ಧಿ ಸ್ವಸ್ಥವಾಗಿರಬೇಕು.